ದಾವಣಗೆರೆಯಲ್ಲಿ ರ‍್ಯಾಕ್ ಏರಿದ ಎರಡು ವಿ72 ಪ್ರಿಆಂಪ್‌ಗಳು

ಜರ್ಮನಿಯ ರೇಡಿಯೊ ಕೇಂದ್ರಗಳಿಗೆಂದು ತಯಾರಾದ, ಮೈಕಿನ ಸಣ್ಣ ಸಂಕೇತವನ್ನು ಗಾಜಿನ ವಾಲ್ವ್‌ಗಳಿಂದ ದೊಡ್ಡದು ಮಾಡುವ ವಿ72 ವಾಲ್ವ್ ಪ್ರಿಆಂಪ್‌ಗಳ ಒಂದು ಜೋಡಿ ಎರಡು ವರ್ಷಗಳಿಂದ ನನ್ನ ಧ್ವನಿಮುದ್ರಣ ಕೋಣೆಯ ಕಪಾಟಿನಲ್ಲಿತ್ತು. ಇವು ಸ್ವತಂತ್ರ ಯಂತ್ರಗಳಲ್ಲ. ಕೇಂದ್ರದ ಚೌಕಟ್ಟಿನೊಳಗೆ ಸರಿದು ಕೂರುವ ಪೆಟ್ಟಿಗೆಗಳಾದ್ದರಿಂದ ಎಕ್ಸ್‌ಎಲ್‌ಆರ್ ಎಂಬ ಮೈಕ್ ಕನೆಕ್ಟರ್ ಆಗಲಿ, ಮೈಕಿನ ತಂತಿಯಲ್ಲೇ ಕರೆಂಟ್ ಕಳಿಸುವ 48 ವೋಲ್ಟ್ ಫ್ಯಾಂಟಮ್ ಆಗಲಿ, ಧ್ವನಿ ಹೆಚ್ಚು ಕಡಿಮೆ ಮಾಡುವ ಗುಂಡಿಯಾಗಲಿ ಇವುಗಳಲ್ಲಿಲ್ಲ. ಒಂದೊಂದರಲ್ಲಿ ಎರಡು ಇಎಫ್804ಎಸ್ ವಾಲ್ವ್‌ಗಳಿದ್ದು, ವರ್ಧನೆ 34 ಡೆಸಿಬೆಲ್‌ಗೆ ಸ್ಥಿರವಾಗಿರುತ್ತದೆ. ಇದರದೇ ತಮ್ಮನಾದ 40 ಡೆಸಿಬೆಲ್‌ನ ವಿ72ಎಸ್ ಲಂಡನ್ನಿನ ಇಎಂಐ ಸ್ಟುಡಿಯೊದ ರೆಡ್.37 ಎಂಬ ಧ್ವನಿ ಬೆರೆಸುವ ಕನ್ಸೋಲ್‌ನಲ್ಲಿ ಕೆಲಸ ಮಾಡಿದೆ.

ಪಿ.ಬಿ. ರಸ್ತೆಗೆ ಹತ್ತಿರದ ಒಂದು ಸಣ್ಣ ಕಾರ್ಯಾಗಾರ ಈ ಜೋಡಿಯನ್ನು ಯಂತ್ರಗಳನ್ನು ಸಾಲಾಗಿ ಕೂರಿಸುವ 19 ಇಂಚಿನ ರ‍್ಯಾಕ್‌ಗೆ ಕೂರಿಸಿಕೊಟ್ಟಿತು. ಆಂಪ್ಲಿಫೈಯರ್ ರಿಪೇರಿ ಮತ್ತು ಪ್ಯಾನೆಲ್ ಕೊರೆಯುವ ಕೆಲಸ ಎರಡೂ ಒಂದೇ ಸೂರಿನಡಿ ನಡೆಯುವ ಜಾಗವದು. ನಾನು ಹೇಳದಿದ್ದರೂ ಅವರು ಮೊದಲು ಅಳೆದದ್ದು ಮನೆಯ ಕರೆಂಟಿನ ವೋಲ್ಟೇಜನ್ನು. ರಾತ್ರಿ ನನ್ನ ಮನೆಯ ಲೈನ್ 245 ವೋಲ್ಟ್‌ವರೆಗೆ ಏರುತ್ತದೆ. ಪ್ರಿಆಂಪ್ 220ಕ್ಕೆ ಹೊಂದಿಸಿದ್ದು. ಹಾಗೇ ಕೊಟ್ಟರೆ 6.3 ವೋಲ್ಟ್ ಬೇಕಾದ, ವಾಲ್ವ್ ಕಾಯಿಸುವ ಫಿಲಮೆಂಟ್‌ಗೆ ಸುಮಾರು 7 ವೋಲ್ಟ್ ಹೋಗಿ, ಸುಲಭವಾಗಿ ಸಿಗದ ವಾಲ್ವ್‌ಗಳ ಆಯುಷ್ಯ ಕುಗ್ಗುತ್ತದೆ. ಅದಕ್ಕಾಗಿ ಹೊರಗೆ ವೋಲ್ಟೇಜ್ ಇಳಿಸುವ ಒಂದು ಆಟೊಟ್ರಾನ್ಸ್‌ಫಾರ್ಮರ್ ಇಟ್ಟರು. ಹಳೆಯ ಕೆಪಾಸಿಟರ್‌ಗಳ ಎದುರು ಏಕಾಏಕಿ ಪೂರ್ಣ ವೋಲ್ಟೇಜ್ ಬಾರದಂತೆ ಮೊದಲ ದಿನ ವೋಲ್ಟೇಜ್ ಹೆಚ್ಚು ಕಡಿಮೆ ಮಾಡುವ ವೇರಿಯಾಕ್‌ನಿಂದ ನಿಧಾನವಾಗಿ ಏರಿಸಿದ್ದನ್ನು ನಾನು ಪಕ್ಕದಲ್ಲೇ ನಿಂತು ನೋಡಿದೆ.

ಫ್ಯಾಂಟಮ್ ಅಳವಡಿಸುವಾಗಲೂ ಇದೇ ಎಚ್ಚರ ಕಂಡಿತು. ಮೈಕಿನ ಎರಡು ತಂತಿಗಳಿಗೂ ಹೋಗುವ 6.81 ಕಿಲೊಓಮ್ ರೆಸಿಸ್ಟರ್‌ಗಳನ್ನು ಒಂದಕ್ಕೊಂದು ಶೇ 0.4ರೊಳಗೆ ಹೊಂದುವಂತೆ ಮೀಟರ್ ಹಿಡಿದು ಆರಿಸಿದರು. ಇವು ಸಮನಾಗಿಲ್ಲದಿದ್ದರೆ ಇನ್‌ಪುಟ್ ಟ್ರಾನ್ಸ್‌ಫಾರ್ಮರ್‌ನ ಸುರುಳಿಯಲ್ಲಿ ಡಿಸಿ ಹರಿದು ಧ್ವನಿ ಕೆಡುತ್ತದೆ.

ಆದರೂ ಮೊದಲ ಬಾರಿ ಮನೆಗೆ ತಂದಾಗ ಎಡ ಚಾನೆಲ್‌ನಲ್ಲಿ ಗುಂಯ್ ಎನ್ನುವ ಸದ್ದಿತ್ತು. ತತ್ವಪದ ಹಾಡುವವರು ಸಾಲಿನ ಕೊನೆಗೆ ಉಸಿರು ಎಳೆದುಕೊಳ್ಳುವಾಗ ಅದು ಎದ್ದು ಕೇಳುತ್ತಿತ್ತು. ಬೇಸರದಿಂದಲೇ ವಾಪಸ್ ಒಯ್ದೆ. ಕೆಲಸದ ಹುಡುಗ ಹೆಡ್‌ಫೋನ್ ಹಾಕಿಕೊಂಡು ಅರ್ಧ ನಿಮಿಷ ಕೇಳಿ, ‘ಸರ್, ಇದು ನೂರರದ್ದಲ್ಲ, ಐವತ್ತರದ್ದು. ಫಿಲ್ಟರ್ ಚೆನ್ನಾಗೈತಿ, ಟ್ರಾನ್ಸ್‌ಫಾರ್ಮರ್ರೇ ತೀರಾ ಹತ್ತಿರ ಕುಂತೈತಿ’ ಎಂದ. ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್‌ನ ಸೋರಿಕೆಯಾದರೆ 100 ಹರ್ಟ್ಸ್ ಕೇಳುತ್ತದೆ, ಟ್ರಾನ್ಸ್‌ಫಾರ್ಮರ್‌ನ ಕಾಂತಕ್ಷೇತ್ರ ನೇರವಾಗಿ ತಾಗಿದರೆ 50 ಹರ್ಟ್ಸ್. ಹೊಸದಾಗಿ ಸೇರಿಸಿದ ಫ್ಯಾಂಟಮ್ ಸಪ್ಲೈಯ ಟ್ರಾನ್ಸ್‌ಫಾರ್ಮರ್ ಎಡ ಪ್ರಿಆಂಪ್‌ನ ಇನ್‌ಪುಟ್ ಬದಿಗೆ ನಾಲ್ಕು ಬೆರಳಿನಷ್ಟು ಅಂತರದಲ್ಲಿತ್ತು. ಅವನು ಸ್ಕ್ರೂ ಸಡಿಲಿಸಿ, ಅದನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ತಿರುಗಿಸುತ್ತ ಹೋದಂತೆ ಸದ್ದು ಕುಗ್ಗಿ, ಒಂದು ಕೋನದಲ್ಲಿ ಬಹುತೇಕ ಮಾಯವಾಗಿ, ಮತ್ತೆ ಏರಿತು. ಹೆಡ್‌ಫೋನ್ ನನಗೂ ಕೊಟ್ಟು ಕೇಳಿಸಿದ. ಕೊನೆಗೆ ಕೋನಕ್ಕೆ ನಿಲ್ಲಿಸುವ ಬದಲು ಅದನ್ನು ಪೆಟ್ಟಿಗೆಯಿಂದಲೇ ಹೊರತಂದು, ಆಟೊಟ್ರಾನ್ಸ್‌ಫಾರ್ಮರ್ ಜೊತೆ ರ‍್ಯಾಕ್‌ನ ಕೆಳಗೆ ಇಟ್ಟರು. ಇದಕ್ಕೆ ಹೆಚ್ಚುವರಿ ಹಣ ಕೇಳಲಿಲ್ಲ.

ಕೊರತೆಗಳೂ ಇವೆ. ಮೂರು ವಾರವೆಂದ ಕೆಲಸ ಏಳು ವಾರ ಹಿಡಿಯಿತು. ಮುಂಭಾಗದ ಅಕ್ಷರಗಳು ಒಂದು ಕಡೆ ಓರೆಯಾಗಿವೆ. ಪೆಟ್ಟಿಗೆಯ ಮೇಲುಮುಚ್ಚಳದಲ್ಲಿ ಗಾಳಿಗೆ ಕೊರೆದ ರಂಧ್ರಗಳು ನಮ್ಮೂರಿನ ಏಪ್ರಿಲ್ ಬಿಸಿಲಿಗೆ ಸಾಲವು. ಆದ್ದರಿಂದ ನಾನು ಇದರ ಮೇಲೆ 44.45 ಮಿಲಿಮೀಟರ್‌ನ ಒಂದು ಯು (ರ‍್ಯಾಕ್ ಎತ್ತರದ ಅಳತೆ) ಜಾಗವನ್ನು ಖಾಲಿ ಬಿಟ್ಟಿದ್ದೇನೆ. ಭಾರವನ್ನು ಮುಂದೆ ಸ್ಕ್ರೂ ಹಾಕುವ ಎರಡು ಕಿವಿಗಳೇ ಹೊರದಂತೆ ಹಿಂದೆಯೂ ಆಧಾರಪಟ್ಟಿ ಹಾಕಿಸಿಕೊಳ್ಳಬೇಕು, ಅದನ್ನು ನಾವೇ ಕೇಳಬೇಕು.

34 ಡೆಸಿಬೆಲ್ ವರ್ಧನೆ ಜೋರಾದ ಸಂಕೇತ ಕೊಡುವ ಕಂಡೆನ್ಸರ್ ಮೈಕಿಗೆ ಸಾಕು. ಮೆಲುದನಿಯ ಹಾಡುಗಾರರಿಗೆ ಸಣ್ಣ ಸಂಕೇತದ ಡೈನಮಿಕ್ ಮೈಕ್ ಇಟ್ಟರೆ ಸಾಲದು. ಈಗ ತಂಬೂರಿಯ ಮೀಟು ಆರುವವರೆಗೂ ಕೇಳುತ್ತದೆ, ಅದರಡಿ ಬೇರೆ ಸದ್ದಿಲ್ಲ. ಉಳಿದಿರುವ ಇನ್ನೊಂದು ಜೋಡಿಯನ್ನೂ ಅಲ್ಲಿಗೇ ಕೊಟ್ಟಿದ್ದೇನೆ. ಈ ಸಲ ಫ್ಯಾಂಟಮ್ ಸಪ್ಲೈ ಮೊದಲಿನಿಂದಲೇ ಹೊರಗಿರಲಿ, ಮುಚ್ಚಳದ ರಂಧ್ರಗಳು ದೊಡ್ಡದಾಗಲಿ ಎಂದು ಚೀಟಿಯಲ್ಲಿ ಬರೆದುಕೊಟ್ಟು ಬಂದೆ.