ವೈನ್ ಡ್ರಮ್ಮಿಗೆ ತ್ರೀ-ಪೀಸ್ ಸ್ಟೀಲ್ ಬಾಲ್ ವಾಲ್ವ್: ಹಲವು ಮಳೆಗಾಲಗಳ ಬಳಕೆಯ ನಂತರ

ಮನೆಬಳಕೆಗೆ ವೈನ್ ಮಾಡುವ ನಮ್ಮ ಸ್ಟೀಲ್ ಡ್ರಮ್ಮಿನ ಬುಡಕ್ಕೆ ಅರ್ಧ ಇಂಚಿನ, ಮೂರು ತುಂಡುಗಳಾಗಿ ಬಿಚ್ಚಲು ಬರುವ (ತ್ರೀ-ಪೀಸ್) ಸ್ಟೀಲ್ ಬಾಲ್ ವಾಲ್ವ್ ಹಾಕಿದ್ದೇನೆ. ತೂತಿರುವ ಗುಂಡೊಂದನ್ನು ಹಿಡಿಯಿಂದ ತಿರುಗಿಸಿ ತೆರೆದು ಮುಚ್ಚುವ ನಲ್ಲಿ ಇದು, 304 ಅನ್ನುವುದು ಸ್ಟೀಲಿನ ಗ್ರೇಡ್. ಪ್ಯಾಷನ್ ಫ್ರೂಟ್, ನೆಲ್ಲಿ, ಕಿತ್ತಳೆ, ಶುಂಠಿ ಎಲ್ಲವೂ ಇದರಿಂದಲೇ ಇಳಿದಿವೆ. ಇವತ್ತಿಗೂ ಒಂದು ಹನಿ ಸೋರುವುದಿಲ್ಲ.

ಕೊಡಗಿನ ತೋಟದ ಮನೆಗಳಲ್ಲಿ ಹಿತ್ತಾಳೆ ವಾಲ್ವಿಗೇನೂ ಬರವಿಲ್ಲ. ಕಾಫಿ ಹೂವಿಗೆಂದು ಸ್ಪ್ರಿಂಕ್ಲರ್ ಓಡಿಸುವವರ ಸ್ಟೋರ್ ರೂಮಿನಲ್ಲಿ ಹಳೆಯವು ಬಿದ್ದಿರುತ್ತವೆ. ಅದನ್ನೇ ಡ್ರಮ್ಮಿಗೂ ಹಾಕೋಣ ಅನ್ನಿಸುತ್ತದೆ. ಅಂಗಡಿಯಲ್ಲೂ "ಹಿತ್ತಾಳೆ ಸಾಕು ಸರ್, ಜೀವಮಾನ ಬರುತ್ತೆ" ಅನ್ನುತ್ತಾರೆ. ನೀರಿಗಾದರೆ ಆ ಮಾತು ನಿಜ. ವೈನಿಗೆ ದಯವಿಟ್ಟು ಬೇಡ. ಲೇತಿನಲ್ಲಿ ಸುಲಭವಾಗಿ ಕಡೆಯಲು ಬರಲಿ ಎಂದು ಸಾಮಾನ್ಯ ಹಿತ್ತಾಳೆಗೆ ಶೇ. 2–3ರಷ್ಟು ಸೀಸ ಸೇರಿಸಿರುತ್ತಾರೆ. ಹಣ್ಣಿನ ವೈನಿನ ಪಿಎಚ್ (ಹುಳಿಯ ಅಳತೆ, ಕಡಿಮೆಯಾದಷ್ಟೂ ಹುಳಿ ಹೆಚ್ಚು) ಸಾಮಾನ್ಯವಾಗಿ 3ರಿಂದ 4ರ ನಡುವೆ. ಅಷ್ಟು ಹುಳಿ ವಾರಗಟ್ಟಲೆ ವಾಲ್ವಿಗೆ ತಾಗಿಕೊಂಡೇ ನಿಂತಿದ್ದು, ಲೋಹವನ್ನು ವೈನಿಗೆ ಬಿಡಿಸುತ್ತದೆ. ಕಲಾಯಿ ಇಲ್ಲದ ಹಿತ್ತಾಳೆ ಪಾತ್ರೆಯಲ್ಲಿ ಹುಣಸೆ ಸಾರು ಇಡಬಾರದು ಎಂದು ನಮ್ಮ ಅಜ್ಜಿಯರು ಬೈಯುತ್ತಿದ್ದುದೂ ಹುಳಿಗೆ ಲೋಹ ಬಿಡುತ್ತದೆ ಎಂದೇ. ಬಿಯರ್ ಮಾಡುವವರು ಕುದಿಸುವ ಪಾತ್ರೆಗೆ ಹಿತ್ತಾಳೆ ಬಳಸುವುದುಂಟು. ಅಲ್ಲಿ ರಸದ ಪಿಎಚ್ 5ರ ಮೇಲಿರುತ್ತದೆ, ಸ್ವಲ್ಪ ಹೊತ್ತಿನಲ್ಲೇ ಹರಿದೂ ಹೋಗುತ್ತದೆ. ವಿನೆಗರ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿ ತೊಳೆದರೆ ಹೋಗುವುದು ಮೇಲ್ಪದರದ ಸೀಸ ಮಾತ್ರ.

ಕೊಳ್ಳುವಾಗ ಹೊಳಪು ನೋಡಿ ನಂಬಬೇಡಿ. ನಿಕಲ್ ಲೇಪನದ ಹಿತ್ತಾಳೆಯೂ ಸ್ಟೀಲಿನಂತೆಯೇ ಮಿನುಗುತ್ತದೆ. ಥ್ರೆಡ್ಡಿನ ಅಂಚಿಗೆ ಅರ ತಾಗಿಸಿದರೆ ಹಳದಿ ಕಾಣುತ್ತದೆ. ಬಾಡಿಯ ಮೇಲೆ ಸಿಎಫ್8 ಎಂಬ ಅಚ್ಚಿದ್ದರೆ ಅದು 304ರ ಎರಕ, ಸಿಎಫ್8ಎಂ ಇದ್ದರೆ 316 ಎಂಬ ದುಬಾರಿ ಗ್ರೇಡಿನದ್ದು. ಎರಕದ 304ಕ್ಕೂ ಅಯಸ್ಕಾಂತ ಸ್ವಲ್ಪ ಅಂಟಬಹುದು, ಹಾಗಾಗಿ ಆ ಪರೀಕ್ಷೆ ನೆಚ್ಚಿಕೊಂಡು ಅಂಗಡಿಯವರ ಜೊತೆ ಜಗಳಕ್ಕೆ ನಿಲ್ಲಬೇಡಿ. ಮನೆಮಟ್ಟಕ್ಕೆ 304 ಸಾಕು, 316ಕ್ಕೆ ಹೆಚ್ಚು ದುಡ್ಡು ಕೊಡುವ ಅಗತ್ಯ ನನಗೆ ಕಂಡಿಲ್ಲ.

ನನ್ನ ಮಟ್ಟಿಗೆ ಗ್ರೇಡಿಗಿಂತ ದೊಡ್ಡ ವಿಷಯ ಬಿಚ್ಚಲು ಬರುತ್ತದೋ ಇಲ್ಲವೋ ಎನ್ನುವುದು. ಬಾಲ್ ವಾಲ್ವಿನ ಗುಂಡಿಗೂ ಬಾಡಿಗೂ ನಡುವೆ ಸಣ್ಣ ಸಂದು ಇರುತ್ತದೆ. ಡ್ರಮ್ಮಿನ ತಳದ ಗಷ್ಟು ಹೋಗಿ ಕೂರುವುದೇ ಅಲ್ಲಿ. ಪ್ಯಾಷನ್ ಫ್ರೂಟ್ ವೈನ್ ಇಳಿಸಿದ ಮೇಲೆ ಬಿಚ್ಚಿ ನೋಡಿ: ಗುಂಡು ಕೂರುವ ಬಿಳಿ ಟೆಫ್ಲಾನ್ ಬಳೆಯ (ಸೀಟು) ಹಿಂದೆ ಬೂದು-ಹಳದಿ ಲೋಳೆ, ಮೂಗಿಗೆ ವಿನೆಗರ್ ವಾಸನೆ. ಹೊರಗಿನಿಂದ ಎಷ್ಟು ನೀರು ಬಿಟ್ಟರೂ ಇದು ಹೋಗದು. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಒನ್-ಪೀಸ್, ಟೂ-ಪೀಸ್ ವಾಲ್ವುಗಳನ್ನು ಹೀಗೆ ಸಲೀಸಾಗಿ ಬಿಚ್ಚಲು ಆಗುವುದಿಲ್ಲ. ತ್ರೀ-ಪೀಸಿನಲ್ಲಿ ನಾಲ್ಕು ಬೋಲ್ಟ್ ಸಡಿಲಿಸಿದರೆ ನಡುಭಾಗ ಕೈಗೆ ಬರುತ್ತದೆ. ಗುಂಡು, ಸೀಟು ಎಲ್ಲವನ್ನೂ ಬ್ರಷ್ಷಿನಲ್ಲಿ ಉಜ್ಜಿ ಕುದಿಯುವ ನೀರಿಗೆ ಹಾಕುತ್ತೇನೆ. ಟೆಫ್ಲಾನಿಗೆ ಆ ಬಿಸಿ ಲೆಕ್ಕಕ್ಕೇ ಇಲ್ಲ. ಜೋಡಿಸಿದ ಮೇಲೆ ಹಿಡಿಯನ್ನು ಅರ್ಧ ತೆರೆದು ಇಡಿ, ಸಂದಿನ ನೀರು ಇಳಿದು ಒಣಗುತ್ತದೆ. ಬ್ಲೀಚಿಂಗ್ ಪೌಡರ್ ಮಾತ್ರ ಹತ್ತಿರ ತರಬೇಡಿ. ಕ್ಲೋರಿನ್ ಸ್ಟೀಲನ್ನೂ ತೂತು ಮಾಡುತ್ತದೆ.

ತೊಂದರೆ ಇಲ್ಲವೆಂದಲ್ಲ. ಹಿಡಿಯ ನೀಲಿ ಪ್ಲಾಸ್ಟಿಕ್ ಕವಚದೊಳಗೆ ಜುಲೈ ತಿಂಗಳ ತೇವ ನಿಂತು ತುಕ್ಕು ಹಿಡಿಯಿತು. ಬಾಡಿ 304 ಆದರೂ ಹಿಡಿಗೆ, ಬೋಲ್ಟಿಗೆ ಕಳಪೆ ಉಕ್ಕು ಹಾಕಿ ಉಳಿಸುತ್ತಾರೆ. ಕವಚ ಕಿತ್ತೆಸೆದು ಬೋಲ್ಟ್ ಬದಲಿಸಿದೆ, ಆಮೇಲೆ ಆ ಕಾಟ ಇಲ್ಲ. ಇನ್ನೊಂದು, ಸ್ಟೀಲಿಗೆ ಸ್ಟೀಲ್ ಥ್ರೆಡ್ಡನ್ನು ಏನೂ ಸುತ್ತದೆ ಒಣದಾಗಿಯೇ ಬಿಗಿದರೆ ಕಚ್ಚಿಕೊಂಡು ಬಿಡುತ್ತದೆ. ಟೆಫ್ಲಾನ್ ಟೇಪ್ ಸುತ್ತಿ, ಕೈಯಲ್ಲೇ ಶುರು ಮಾಡಿ, ಕೊನೆಗಷ್ಟೇ ಸ್ಪ್ಯಾನರ್ ಹಿಡಿಯಿರಿ.

ಬಜೆಟ್ ಕಡಿಮೆ ಇದ್ದರೆ ಹಿತ್ತಾಳೆಗೆ ಹೋಗುವ ಬದಲು ಆಹಾರಕ್ಕೆ ಯೋಗ್ಯವಾದ ಪ್ಲಾಸ್ಟಿಕ್ಕಿನ ನಲ್ಲಿಯನ್ನು ಹಾಕಿ, ಹಳತಾದಾಗ ಬದಲಿಸಿ. ಬಿಸಿ ರಸಕ್ಕೆ ಮಾತ್ರ ಪಿವಿಸಿ ಬೇಡ, 60 ಡಿಗ್ರಿ ದಾಟಿದರೆ ಅದು ಮೆತ್ತಗಾಗುತ್ತದೆ.