ನೈಜೀರಿಯಾ ಲೀಗಾ, ಘಾನಾ ಲೀಗಾ: ಯಾವುದನ್ನು ನೋಡುವುದು?

ಪಶ್ಚಿಮ ಆಫ್ರಿಕಾದ ಒಂದೇ ಒಂದು ಫುಟ್‌ಬಾಲ್ ಲೀಗ್ ನೋಡುವಷ್ಟು ಟೈಮ್ ಇದ್ದರೆ 2024-25ರ ಸೀಸನ್ ಇಟ್ಟುಕೊಂಡು ಹೋಲಿಸಿ. ನೈಜೀರಿಯಾದಲ್ಲಿ 20 ತಂಡ, ಒಬ್ಬೊಬ್ಬರಿಗೆ 38 ಪಂದ್ಯ. ಘಾನಾದಲ್ಲಿ 18 ತಂಡ, 34 ಪಂದ್ಯ.

ಎರಡೂ ಕಡೆ ಹೊಸ ಚಾಂಪಿಯನ್ನರು. ಆದರೆ ನೈಜೀರಿಯಾದ ಕಥೆಯೇ ಜಾಸ್ತಿ ರುಚಿ: ಅಲ್ಲಿ ಬಹುಪಾಲು ಕ್ಲಬ್‌ಗಳು ರಾಜ್ಯ ಸರ್ಕಾರಗಳ ಕೈಯಲ್ಲಿವೆ, ಅಂಥದ್ದರಲ್ಲಿ ಇಕೆನ್ನೆ ಊರಿನ ಖಾಸಗಿ ಕ್ಲಬ್ ರೆಮೊ ಸ್ಟಾರ್ಸ್, ಹಿಂದಿನ ಎರಡು ಸೀಸನ್‌ನಲ್ಲೂ ಎರಡನೇ ಸ್ಥಾನಕ್ಕೇ ನಿಂತಿದ್ದು, ಈ ಸಲ ಕೊನೆಯ ಸುತ್ತಿಗೂ ಮೊದಲೇ ಕಪ್ ಖಚಿತ ಮಾಡಿಕೊಂಡಿತು.

ಘಾನಾದಲ್ಲಿ ಬಿಬಿಯಾನಿ ಗೋಲ್ಡ್‌ಸ್ಟಾರ್ಸ್ ಗೆದ್ದಿತು. ಅಲ್ಲಿನ ಕೊಟೊಕೊ ಕ್ಲಬ್‌ನ ಅಭಿಮಾನಿಯೊಬ್ಬನ ಕೊಲೆಯಿಂದ ಲೀಗ್ ಕೆಲಕಾಲ ನಿಂತೇ ಹೋಗಿತ್ತು, ಅದು ಸಣ್ಣ ವಿಷಯ ಅಲ್ಲ ಅಲ್ವಾ?

ಹಾರ್ಟ್ಸ್ ಆಫ್ ಓಕ್–ಕೊಟೊಕೊ ಕ್ಲಬ್‌ಗಳ ಹಳೇ ಪೈಪೋಟಿ ಬೇಕಾದರೆ ಘಾನಾ ನೋಡಿ. ಇಲ್ಲವಾದರೆ ನನ್ನ ವೋಟು ನೈಜೀರಿಯಾಕ್ಕೆ.