ವೆಂಕಟರಾಮನ್ ಅಂದ್ರೆ ತಡವರಿಸುವ ಕ್ವಿಜ್ ಆಪ್
ಮಗಳಿಗೋಸ್ಕರ ಒಂದು ಕ್ವಿಜ್ ಆಪ್ ಹಾಕಿಕೊಂಡೆ, ಹೆಸರು ಬೇಡ ಬಿಡಿ. ಒಂದೇ ಹೆಸರಿನ ದೊಡ್ಡವರನ್ನು ಗುರುತಿಸುವ ಆಟ ಅದರಲ್ಲಿದೆ, ಅದೊಂದು ನಿಜಕ್ಕೂ ಮಜವಾಗಿದೆ. ನಾವು 'ವೆಂಕಟರಾಮನ್' ಆರಿಸಿದೆವು. ತಮಿಳುನಾಡಿನಲ್ಲಿ ಬೀದಿಗೊಬ್ಬರು ಸಿಗುವ ಹೆಸರು, ಅಲ್ವಾ?

1987ರಿಂದ 1992ರವರೆಗೆ ರಾಷ್ಟ್ರಪತಿಯಾಗಿದ್ದ ಆರ್. ವೆಂಕಟರಾಮನ್ ಮೊದಲೇ ಬಂದರು. ಸರಿ. 1896ರಲ್ಲಿ ಮಧುರೈ ಬಿಟ್ಟು ತಿರುವಣ್ಣಾಮಲೈಗೆ ಹೊರಟ ಹುಡುಗ, ಅಂದ್ರೆ ಆಮೇಲೆ ರಮಣ ಮಹರ್ಷಿ ಆದವರು, ಅವರ ಹುಟ್ಟು ಹೆಸರೂ ಇದೇ ಅಂತ ಆಪ್ ಹೇಳಿದಾಗ ಮಗಳಿಗಿಂತ ನನಗೇ ಜಾಸ್ತಿ ಖುಷಿಯಾಯಿತು.

ಎಡವಿದ್ದು ವಿಜ್ಞಾನಿಗಳ ಹತ್ತಿರ. ರೈಬೋಸೋಮ್ (ಜೀವಕೋಶದೊಳಗೆ ಪ್ರೋಟೀನ್ ತಯಾರಿಸುವ ಭಾಗ) ಕುರಿತ ಕೆಲಸಕ್ಕೆ 2009ರಲ್ಲಿ ನೊಬೆಲ್ ಪಡೆದ, ಚಿದಂಬರಂನಲ್ಲಿ ಹುಟ್ಟಿದ ವೆಂಕಟರಾಮನ್ ರಾಮಕೃಷ್ಣನ್ ಅವರನ್ನು 'ರಾಮಕೃಷ್ಣನ್' ಪಟ್ಟಿಗೆ ಹಾಕಿದ್ದಾರೆ. ಅದು ಅವರ ಅಪ್ಪನ ಹೆಸರು ಸ್ವಾಮಿ! ಸಿ.ವಿ. ರಾಮನ್ ಅಂತೂ ಇಲ್ಲವೇ ಇಲ್ಲ. 'ಸಿ' ಅಪ್ಪ ಚಂದ್ರಶೇಖರ್, ಉಳಿದ 'ವಿ. ರಾಮನ್' ಸೇರಿದರೆ ವೆಂಕಟರಾಮನ್. 1933ರಲ್ಲಿ ಬೆಂಗಳೂರಿಗೆ ಬಂದು ಇಲ್ಲೇ ಉಳಿದವರನ್ನೇ ಬಿಟ್ಟರೆ ಹೇಗೆ?

ದೂರು ಬರೆದೆ. 'ಧನ್ಯವಾದ' ಅಂತ ಬಂತು, ಅಷ್ಟೇ. ಜಾಹೀರಾತು ಬೇರೆ ಸುಮ್ನೆ ಜಾಸ್ತಿ. ಐದಕ್ಕೆ ಮೂರು ಸ್ಟಾರ್, ದುಡ್ಡು ಕೊಟ್ಟು ತಗೊಳ್ಳೋದು ಸದ್ಯಕ್ಕೆ ಬೇಡ.